ದುಷ್ಟಬುದ್ಧಿಗೊಬ್ಬ ವಕೀಲ

ಸೊರಬ ತಾಲ್ಲೂಕಿನ ಕುಬಟೂರು ಆನವಟ್ಟಿಯ ಮಗ್ಗುಲಲ್ಲೇ ಇದೆ. ಶಾಸನಗಳಲ್ಲಿ ಅದು ಕುಪ್ಪಟೂರು, ಊರವರ ಬಾಯಲ್ಲಿ ಚಂದ್ರಹಾಸನ ಕುಂತಳನಗರಿ. ಇಲ್ಲಿನ ಕೈಟಭೇಶ್ವರನ ಗುಡಿ ಕ್ರಿ.ಶ. 1100ರ ಆಸುಪಾಸಿನದು. ಕಥೆಯ ಚಂದ್ರಹಾಸನೋ ಪಾಂಡವರ ಅಶ್ವಮೇಧದ ಕುದುರೆಯನ್ನು ಕಟ್ಟಿದವನು. ಎರಡಕ್ಕೂ ತಾಳೆಯಿಲ್ಲ, ಅದರಿಂದ ಊರಿನವರಿಗೆ ತೊಂದರೆಯೂ ಆಗಿಲ್ಲ. ಆ ಗುಡಿಯ ತೆರೆದ ಮಂಟಪದಲ್ಲಿ ಇಬ್ಬರು ಆಡಿದ ಮಾತು ಇದು. ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರು, ತಾಳಮದ್ದಳೆಯ ಅರ್ಥಧಾರಿ. ಚಂದ್ರಹಾಸನ ಪ್ರಸಂಗ ಇಟ್ಟರೆ ದುಷ್ಟಬುದ್ಧಿ ಅವರಿಗೇ ಮೀಸಲು. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ, ಈಗ ಶಾಸನಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ನಡುವೆ ಬಂದು ಕೂತ ರೈತರೊಬ್ಬರ ಮಾತೂ ಇದೆ.

ಹುಡುಗಿ: ಮೇಷ್ಟ್ರೆ, ಇದೇ ಕುಂತಳನಗರಿ ಅಂತ ಶಾಸನಗಳನ್ನು ಸಂಪಾದಿಸಿದ ಬಿ.ಎಲ್. ರೈಸ್ ಕೂಡ ಊರವರು ಹೇಳಿದ್ದನ್ನು ಬರೆದಿಟ್ಟಿದ್ದಾರೆ. ಅದನ್ನು ಒಪ್ಪಿಕೊಂಡೇ ಕೇಳ್ತೀನಿ. ಇಲ್ಲಿ ನಿಜವಾಗಿ ಆಳಿದವರು ಯಾರು?

ಮೇಷ್ಟ್ರು: ಹೆಸರಿಗೆ ಕುಂತಳದ ರಾಜ. ಆಳಿದವನು ಮಂತ್ರಿ, ದುಷ್ಟಬುದ್ಧಿ. ರಾಜನಿಗೆ ಗಂಡು ಸಂತಾನ ಇಲ್ಲ, ರಾಜ್ಯದ ಮೇಲೆ ಮನಸ್ಸೂ ಇಲ್ಲ. ಒಂದು ದಿನ ತನ್ನ ನೆರಳಿಗೆ ತಲೆಯೇ ಕಾಣಲಿಲ್ಲವಂತೆ. ಅಷ್ಟಕ್ಕೇ ಮಗಳನ್ನೂ ರಾಜ್ಯವನ್ನೂ ಯಾರದೋ ಕೈಗೆ ಹಾಕಿ ಕಾಡಿಗೆ ಹೊರಟ. ಅಂಥವನು ಕೂತಿದ್ದಷ್ಟು ವರ್ಷ ಬೊಕ್ಕಸ ನೋಡಿದ್ದು, ಸಾಮಂತರಿಂದ ಕಪ್ಪ ತಂದದ್ದು, ಗಡಿ ಕಾದದ್ದು ಯಾರು? ಮಂತ್ರಿಯೇ ಅಲ್ಲವಾ?

ಹುಡುಗಿ: ಅರ್ಥ ಹೇಳೋಕೆ ಶುರು ಮಾಡಿಬಿಟ್ರಿ.

ಮೇಷ್ಟ್ರು: ಕೇಳು ಮಗಾ. ಮನೆಯಲ್ಲಿ ಊಟಕ್ಕೆ ಕೂತ ಬ್ರಾಹ್ಮಣರು ಬೀದಿಯಲ್ಲಿ ಆಡ್ತಿದ್ದ ಅನಾಥ ಹುಡುಗನನ್ನು ನೋಡಿ, ಮುಂದೆ ಈ ನಾಡಿಗೆ ಇವನೇ ದೊರೆ ಅಂದರು. ಯಾರ ಮಗ, ಯಾವ ಊರು, ಒಂದೂ ಗೊತ್ತಿಲ್ಲ. ನಾಳೆ ಹತ್ತು ಜನ ಆ ಭವಿಷ್ಯ ನಂಬಿ ಹುಡುಗನ ಹಿಂದೆ ನಿಂತರೆ ನಾಡು ಇಬ್ಭಾಗ ಆಗುತ್ತೆ. ಮಂತ್ರಿಯಾದವನು ಇವತ್ತಿನದನ್ನು ಮಾತ್ರ ನೋಡಿದರೆ ಸಾಕಾ? ದುಷ್ಟಬುದ್ಧಿ ಕೆಟ್ಟವನಾದದ್ದು ಕಥೆ ಅವನ ಎದುರಾಳಿಯದಾದ್ದರಿಂದ. ಅವನ ಕಡೆಯಿಂದ ಹೇಳಿ ನೋಡು, ಅದು ರಾಜ್ಯರಕ್ಷಣೆ.

ಹುಡುಗಿ: ಒಂದು ಮಗುವನ್ನು ಕಾಡಿಗೆ ಕಳಿಸಿ ಕಡಿಸೋದು ರಾಜ್ಯರಕ್ಷಣೆಯಾ?

ಮೇಷ್ಟ್ರು: ಪಟ್ಟಕ್ಕಾಗಿ ಅಣ್ಣತಮ್ಮಂದಿರನ್ನೇ ಮುಗಿಸಿದವರಿಗೆ ಚರಿತ್ರೆಯಲ್ಲಿ ದೊಡ್ಡ ದೊಡ್ಡ ಬಿರುದುಗಳಿವೆ. ಇವನು ಕೊಲ್ಲಿಸೋಕೆ ಹೋಗಿ ಸೋತ. ಸೋತದ್ದಕ್ಕೇ ದುಷ್ಟ.

ಹುಡುಗಿ: ಸಭೆಯಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತೆ, ನನಗೆ ಗೊತ್ತು. ಆದರೆ ಕಥೆಯನ್ನೇ ಇನ್ನೊಂದು ಸಲ ನೋಡಿ. ಕೊಲ್ಲೋಕೆ ಹೋದ ಕಟುಕರು ಏನು ಮಾಡಿದರು? ಹುಡುಗನ ಎಡಗಾಲಿನ ಆರನೇ ಬೆರಳು ಕತ್ತರಿಸಿ ತಂದು ಗುರುತು ತೋರಿಸಿದರು. ಕೂಲಿಗೆ ಕೊಲೆ ಮಾಡೋರಿಗೂ ಅವನ ಅಪ್ಪಣೆ ಗಂಟಲಲ್ಲಿ ಇಳಿಯಲಿಲ್ಲ. ಹುಡುಗ ಕುಳಿಂದನ ಮನೆಯಲ್ಲಿ ಬೆಳೆದ. ಇವನು ಗುರುತು ಹಿಡಿದು, ವಿಷ ಕೊಡು ಅಂತ ಮಗ ಮದನನಿಗೆ ಕಾಗದ ಬರೆದು ಅದೇ ಹುಡುಗನ ಕೈಯಲ್ಲಿ ಕೊಟ್ಟು ಕಳಿಸಿದ. ತೋಟದಲ್ಲಿ ಮಲಗಿದ್ದವನ ಹತ್ತಿರ ಆ ಕಾಗದ ನೋಡಿ, ಕಣ್ಣಕಪ್ಪಿನಿಂದ ತಿದ್ದಿ ತನ್ನನ್ನೇ ಮದುವೆ ಮಾಡಿಸಿಕೊಂಡವಳು ಯಾರು? ಅವನ ಸ್ವಂತ ಮಗಳು ವಿಷಯೆ. ಮೂರನೇ ಸಲ ಕಾಳಿ ಗುಡಿಯಲ್ಲಿ ಕೊಲೆಗಾರರನ್ನು ನಿಲ್ಲಿಸಿ ಅಳಿಯನನ್ನು ಕಳಿಸಿದ. ಭಾವನ ಬದಲು ಮಗ ಹೋದ, ಮಗ ಸತ್ತ. ಒಂದಾದರೂ ಅಪ್ಪಣೆ ಅಪ್ಪಣೆಯ ಹಾಗೆ ನಡೀತಾ?

ಮೇಷ್ಟ್ರು: ಅದಕ್ಕೆ ವಿಧಿ ಅಂತಾರೆ. ಈ ಕಥೆ ಬರೆದ ಕವಿ ಲಕ್ಷ್ಮೀಶ ಹೇಳೋದೂ ಅದನ್ನೇ, ಹರಿಭಕ್ತನ ಕೂದಲೂ ಕೊಂಕಲ್ಲ.

ಹುಡುಗಿ: ಲಕ್ಷ್ಮೀಶನಿಗೆ ಅದು ಭಕ್ತಿಯ ಕಥೆ. ನನಗೆ ಆಡಳಿತದ ಕಥೆ. ಆಳುವವನ ಮಾತನ್ನು ಕೈಕೆಳಗಿನವರು ಒಬ್ಬೊಬ್ಬರಾಗಿ ನಡೆಸೋದು ಬಿಟ್ಟರು, ಕೂಲಿಯವರಿಂದ ಹಿಡಿದು ಹೆತ್ತ ಮಗಳವರೆಗೆ. ಕೊನೆಗೆ ಅವನು ಕಂಬಕ್ಕೆ ತಲೆ ಜಜ್ಜಿಕೊಂಡು ಸತ್ತದ್ದು ಯಾವ ಶತ್ರುವಿನಿಂದ? ಹೊರಗಿನ ದಂಡು ಒಂದೂ ಬರಲಿಲ್ಲ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಈ ಸೀಮೆಯಲ್ಲಿ ದುಷ್ಟಬುದ್ಧಿ ಬರೀ ಖಳ ಅಲ್ಲ ಅನ್ನೋದನ್ನು ಇಲ್ಲಿ ಹೇಳಬೇಕು. ಬಡಗುತಿಟ್ಟಿನಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ದುಷ್ಟಬುದ್ಧಿಯನ್ನು ನೋಡಿದವರು ಆ ವೇಷದ ಮಾತು ತೆಗೆದರೆ ಚಂದ್ರಹಾಸ ಯಾರು ಮಾಡಿದ್ದರು ಅಂತ ನೆನಪಿಸಿಕೊಳ್ಳೋಕೇ ಒದ್ದಾಡುತ್ತಾರೆ. ರಾತ್ರಿಯೆಲ್ಲ ಜನ ಕೂತು ನೋಡೋದು ಅವನನ್ನು. ಬೆಳಗಿನ ಜಾವ ಗೆಲ್ಲಬೇಕಾದವನು ಮಾತ್ರ ಇನ್ನೊಬ್ಬ.

ಮೇಷ್ಟ್ರು: ನಾನು ಅವನ ಪಕ್ಷ ಹಿಡಿಯೋದು ಅವನು ಒಳ್ಳೆಯವನು ಅಂತಲ್ಲ. ಅವನಿಗೂ ಒಬ್ಬ ವಕೀಲ ಬೇಕು. ತಾಳಮದ್ದಳೆಯ ಧರ್ಮ ಅದು. ಎದುರಿನ ಅರ್ಥಧಾರಿ ಎಷ್ಟು ಗಟ್ಟಿಯಾಗಿ ಕೇಳ್ತಾನೋ ಅಷ್ಟೇ ಗಟ್ಟಿಯಾಗಿ ಉತ್ತರ ಹೇಳಬೇಕು.

ಹುಡುಗಿ: ಹಾಗಾದರೆ ಇನ್ನೊಬ್ಬರ ವಕಾಲತ್ತು ತಗೊಳ್ತೀರಾ?

ಮೇಷ್ಟ್ರು: ಯಾರದು?

ಹುಡುಗಿ: ಕಲ್ಯಾಣದ ಅರಸ ಬಿಜ್ಜಳಂದು.

ಮೇಷ್ಟ್ರು: ಥೂ, ಅವನದಾ?

ಹುಡುಗಿ: ನೋಡಿ! ಕಥೆಯ ಮಂತ್ರಿ ಮಗು ಕೊಲ್ಲಿಸೋಕೆ ಹೋದರೆ ರಾಜ್ಯರಕ್ಷಣೆ. ನಿಜವಾಗಿ ಇದ್ದ ಒಬ್ಬ ಅರಸನ ಹೆಸರು ಹೇಳಿದರೆ ಥೂ.

ಮೇಷ್ಟ್ರು: ದುಷ್ಟಬುದ್ಧಿಯಿಂದ ಸತ್ತವರು ಕೊನೆಗೆ ದೇವಿ ವರದಿಂದ ಎದ್ದು ಕೂತರು, ಅವನೂ ಎದ್ದ. ಹರಳಯ್ಯ, ಮಧುವರಸರು ಏಳಲಿಲ್ಲ. ಸಮಗಾರರ ಹುಡುಗನಿಗೆ ಬ್ರಾಹ್ಮಣರ ಹುಡುಗಿಯನ್ನು ಕೊಟ್ಟರು ಅಂತ ಇಬ್ಬರು ತಂದೆಯರ ಕಣ್ಣು ಕೀಳಿಸಿ ಎಳೆಹೂಟೆಗೆ ಕಟ್ಟಿಸಿದವನ ಪರವಾಗಿ ನಾನು ಅರ್ಥ ಹೇಳಬೇಕಾ? ನನ್ನ ಮನೆಯಲ್ಲಿ ಲಿಂಗ ಕಟ್ಟಿಕೊಂಡ ಹಿರಿಯರು ಏಳು ತಲೆಮಾರಿನಿಂದ ಈ ಕಥೆ ಹೇಳಿಕೊಂಡು ಬಂದಿದ್ದಾರೆ.

ಹುಡುಗಿ: ಆಮೇಲೆ ಜಗದೇವ, ಬೊಮ್ಮಯ್ಯ ಸೇರಿ ಅವನನ್ನು ಕೊಂದರು, ಶರಣರು ದಿಕ್ಕಾಪಾಲಾದರು, ಕಲ್ಯಾಣ ಹಾಳಾಯ್ತು. ನಾನೂ ಇದನ್ನೇ ಕೇಳಿ ಬೆಳೆದವಳು. ನಿಮ್ಮ ತರಗತಿಯಲ್ಲೇ ಕೇಳಿದ್ದು. ಆದರೆ ನಾನು ಕೆಲಸ ಮಾಡೋ ಕಲ್ಲುಗಳಲ್ಲಿ ಬೇರೆ ಬಿಜ್ಜಳ ಇದ್ದಾನೆ. ಅವನು ಬಂದು ಬೀಡು ಬಿಟ್ಟದ್ದು ಎಲ್ಲೋ ದೂರದ ಕಲ್ಯಾಣದಲ್ಲಲ್ಲ, ಇಲ್ಲೇ ಶಿರಾಳಕೊಪ್ಪದ ಪಕ್ಕ ಬಳ್ಳಿಗಾವಿಯಲ್ಲಿ.

ಮೇಷ್ಟ್ರು: 1162ರ ಶಾಸನ ತಾನೆ.

ಹುಡುಗಿ: ಅದೇ. ದಕ್ಷಿಣ ಸೀಮೆಯನ್ನು ಹತೋಟಿಗೆ ತರೋಕೆ ಅಂತ ಬಂದವನು ಕೇದಾರೇಶ್ವರಕ್ಕೆ ದತ್ತಿ ಬಿಟ್ಟ. ಆ ಗುಡಿಯ ಕೋಡಿಮಠದ ವರ್ಣನೆ ಆ ಕಲ್ಲಿನಲ್ಲೇ ಇರೋದು. ನಾಲ್ಕೂ ವೇದ, ಪಾಣಿನಿಯ ಜೊತೆಗೆ ಶಾಕಟಾಯನನ ವ್ಯಾಕರಣ, ನ್ಯಾಯ ವೈಶೇಷಿಕ ಸಾಂಖ್ಯ ಮೀಮಾಂಸೆ, ಅದರ ಪಕ್ಕದಲ್ಲೇ ಬೌದ್ಧ ದರ್ಶನ, ಕಾವ್ಯ, ನಾಟಕ. ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಊಟ. ಹಾಡುವವರಿಗೆ, ಕುಣಿಯುವವರಿಗೆ, ಕಥೆ ಹೇಳುವವರಿಗೆ ಊಟ. ಜೈನ ಕ್ಷಪಣಕರಿಗೂ ಊಟ. ರೋಗಿಗಳಿಗೆ ಔಷಧ, ಹೆದರಿ ಬಂದವರಿಗೆ ಅಭಯ. ಪುರಾಣದ ಬಿಜ್ಜಳ ಶಿವಭಕ್ತರ ವೈರಿ. ಶಾಸನದ ಬಿಜ್ಜಳ ಶೈವ ಮಠಕ್ಕೆ ಕೈಯೆತ್ತಿ ಕೊಟ್ಟವನು.

ಮೇಷ್ಟ್ರು: ಕೊಟ್ಟ, ಸರಿ. ಈಗ ನನ್ನ ಸರದಿ. ಆ ಮಠದ ಗುರು ಯಾರು?

ಹುಡುಗಿ: ವಾಮಶಕ್ತಿ ಪಂಡಿತ. ಕಾಳಾಮುಖರು.

ಮೇಷ್ಟ್ರು: ಹೆಸರು ಬರೆಸಿಕೊಂಡವರು ಯಾರು?

ಹುಡುಗಿ: ಅವರೇ.

ಮೇಷ್ಟ್ರು: ದತ್ತಿ ತೆಗೆದುಕೊಂಡವರು ಕೊಟ್ಟವನನ್ನು ಹೊಗಳ್ತಾರೆ. ಇದಕ್ಕೆ ಸಂಶೋಧನೆ ಬೇಕಾ? ಮಠ ಇರುವ ಶೈವರಿಗೆ ಭೂಮಿ ಬಿಡೋದು, ಮಠ ಇಲ್ಲದ ಶರಣರ ಕಣ್ಣು ಕೀಳೋದು, ಎರಡನ್ನೂ ಒಬ್ಬನೇ ಅರಸ ಮಾಡಬಹುದು. ಎಷ್ಟೋ ಅರಸರು ಮಾಡಿದ್ದಾರೆ. ಗುಡಿ ಕಟ್ಟಿದವನಿಗೆ ಗುಡಿಯಲ್ಲಿ ಕೂತವರಿಂದ ಯಾವ ಭಯವೂ ಇಲ್ಲ. ಭಯ ಇರೋದು ಚಮ್ಮಾರನ ಜೊತೆ ಕೂತು ಉಣ್ಣೋರಿಂದ. ಅನುಭವ ಮಂಟಪದ ಬಾಗಿಲಲ್ಲಿ ಯಾರೂ ದತ್ತಿಶಾಸನ ಕೆತ್ತಿಸಲಿಲ್ಲ ಮಗಾ.

ಹುಡುಗಿ: ಅದು ಸರಿಯಾದ ಏಟು. ಆದರೂ ಒಂದು ಮಾತು. ಆ ಕೊಲೆಯ ಬಗ್ಗೆ ಆ ಕಾಲದ ಒಂದು ಶಾಸನವೂ ಮಾತಾಡಲ್ಲ. 1167ರ ಹೊತ್ತಿಗೆ ಮಗ ಸೋವಿದೇವ ಪಟ್ಟಕ್ಕೆ ಬಂದ. ಅಪ್ಪನೇ ಬಿಟ್ಟುಕೊಟ್ಟ ಅಂತ ಇತಿಹಾಸಕಾರರು ಬರೀತಾರೆ. ಹತ್ಯೆಯ ಕಥೆ ನಮಗೆ ಸಿಗೋದು ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ, ಆಮೇಲೆ 1369ರ ಭೀಮಕವಿಯ ಕನ್ನಡ ಬಸವಪುರಾಣದಲ್ಲಿ. ಕಥೆಗೂ ಘಟನೆಗೂ ತಲೆಮಾರುಗಳ ಅಂತರ. ಅದರ ಎದುರಿಗೆ ಜೈನರ ಕಡೆಯ ಧರಣಿಪಂಡಿತನ ಬಿಜ್ಜಳರಾಯಚರಿತೆ ಇಡಿ. ಅಲ್ಲಿ ಬಿಜ್ಜಳ ಮೋಸಕ್ಕೆ ಸಿಕ್ಕಿ ವಿಷದಿಂದ ಸತ್ತ ದೊರೆ. ದೂರೆಲ್ಲ ಎದುರು ಪಕ್ಷದ ಮೇಲೆ.

ಮೇಷ್ಟ್ರು: ಆ ಜೈನ ಕಥೆಯೂ ತಲೆಮಾರುಗಳ ಆಮೇಲಿನದೇ. ಅದು ಇರಲಿ. ಶಾಸನ ಹೇಳದ್ದು ಆಗಿಯೇ ಇಲ್ಲ ಅಂತ ತಾನೆ ನಿನ್ನ ವಾದ?

ಹುಡುಗಿ: ಆಗಿಲ್ಲ ಅಂತ ಅಲ್ಲ. ಸಾಕ್ಷಿ ತಡವಾಗಿ ಬಂದದ್ದು ಅಂತ.

ಮೇಷ್ಟ್ರು: ಹಾಗಾದರೆ ಬಸವಣ್ಣನವರು ಬಿಜ್ಜಳನ ಭಂಡಾರಿ ಆಗಿದ್ದರು ಅಂತ ಬಿಜ್ಜಳನ ಯಾವ ಶಾಸನದಲ್ಲಿದೆ?

ಹುಡುಗಿ: ಇಲ್ಲ.

ಮೇಷ್ಟ್ರು: ಬಸವಣ್ಣನವರ ಹೆಸರು ಸಿಗೋದು ಯಾವುದರಲ್ಲಿ?

ಹುಡುಗಿ: ಬೆಳಗಾವಿ ಜಿಲ್ಲೆಯ ಅರ್ಜುನವಾಡದ ಶಾಸನದಲ್ಲಿ. 1260ರದು.

ಮೇಷ್ಟ್ರು: ಬಿಜ್ಜಳ ಹೋಗಿ ತೊಂಬತ್ತು ವರ್ಷ ಆದಮೇಲೆ. ಕಲ್ಲು ಮಾತಾಡದ ಕಾಲವನ್ನೆಲ್ಲ ನೀನು ಅನುಮಾನಕ್ಕೆ ಹಾಕಿದರೆ ಮೊದಲು ಕಳಕೊಳ್ಳೋದು ಬಿಜ್ಜಳನ ಪಾಪ ಅಲ್ಲ, ಬಸವಣ್ಣನವರನ್ನೇ. ಅದಕ್ಕೆ ಸಿದ್ಧ ಇದ್ದೀಯಾ?

ಹುಡುಗಿ: ಬಸವಣ್ಣನವರ ವಚನ ಇದಾವಲ್ಲ.

ಮೇಷ್ಟ್ರು: ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಬಂದವು. ಹರಳಯ್ಯನ ಕಥೆ ಬಂದ ದಾರಿಯಲ್ಲೇ ಬಂದವು. ಒಂದನ್ನು ನಂಬಿ ಇನ್ನೊಂದನ್ನು ಬಿಡೋಕೆ ನಿನ್ನ ಹತ್ತಿರ ತಕ್ಕಡಿ ಯಾವುದಿದೆ?

ಹುಡುಗಿ: ವಚನದಲ್ಲಿ ಒಬ್ಬ ಮನುಷ್ಯನ ದನಿ ಕೇಳುತ್ತೆ ಮೇಷ್ಟ್ರೆ. ಪುರಾಣದಲ್ಲಿ ಪವಾಡ ಮುಂದೆ ಬಂದು ನಿಲ್ಲುತ್ತೆ. ನನಗಿರೋ ತಕ್ಕಡಿ ಅಷ್ಟೇ. ದೊಡ್ಡ ತಕ್ಕಡಿ ಅಲ್ಲ, ಒಪ್ತೀನಿ.

(ಇಲ್ಲಿ ನನಗೆ ಮೇಷ್ಟ್ರ ಕೈ ಮೇಲಾಯಿತು ಅನ್ನಿಸಿತು. ಶಾಸನ ಓದುವವರು ತಮ್ಮ ಕಲ್ಲಿಗೆ ಕೊಡುವ ಗೌರವದಲ್ಲಿ ಕಾಲು ಭಾಗವನ್ನೂ ಅಜ್ಜಿಯರ ಬಾಯಿಗೆ ಕೊಡುವುದಿಲ್ಲ. ಆದರೆ ಅಜ್ಜಿಯರ ಕಥೆಯಲ್ಲಿ ಕೆಟ್ಟ ಅರಸರಿಗೆಲ್ಲ ಮುಖ ಒಂದೇ ಇರುತ್ತದೆ. ಉಡುತಡಿಯ ಕೌಶಿಕನೂ ಹಾಗೆಯೇ. ಅಕ್ಕಮಹಾದೇವಿಯ ದಾರಿಗೆ ಅಡ್ಡ ನಿಂತವನು ಅನ್ನುವುದರ ಆಚೆಗೆ ಅವನ ಬಗ್ಗೆ ನಮ್ಮ ಸೀಮೆಯ ಯಾರನ್ನು ಕೇಳಿದರೂ ಇನ್ನೊಂದು ಮಾತು ಸಿಗುವುದಿಲ್ಲ.)

ಹುಡುಗಿ: ಈ ಊರಿನದೇ ಒಂದು ಉದಾಹರಣೆ ಹೇಳ್ತೀನಿ. 1075ರಲ್ಲಿ ಬನವಾಸಿ ಕದಂಬರ ಕೀರ್ತಿದೇವನ ರಾಣಿ ಮಾಳಲದೇವಿ ಇಲ್ಲಿ ಪಾರ್ಶ್ವದೇವ ಚೈತ್ಯಾಲಯ ಮಾಡಿಸಿದಳು. ಊರು ಬ್ರಾಹ್ಮಣರ ಅಗ್ರಹಾರ, ಕಟ್ಟಿದ್ದು ಜಿನಾಲಯ. ಅಗ್ರಹಾರದವರೇ ಅದಕ್ಕೆ ಬ್ರಹ್ಮಜಿನಾಲಯ ಅಂತ ಹೆಸರಿಟ್ಟರು. ಅಂದರೆ ಮತ ಬೇರೆಯಾದರೂ ಒಪ್ಪಿಸಿಕೊಳ್ಳೋದು ಅರಸು ಮನೆತನದವರಿಗೆ ಗೊತ್ತಿತ್ತು. ಬಿಜ್ಜಳನೂ ಬಳ್ಳಿಗಾವಿಯಲ್ಲಿ ಅದನ್ನೇ ಮಾಡಿದ. ಅವನಿಗೆ ಇನ್ನೂ ಹೆಚ್ಚು ಬೇಕಿತ್ತು, ಯಾಕೆಂದರೆ ಕೂತಿದ್ದದ್ದು ಇನ್ನೊಬ್ಬರ ಗದ್ದುಗೆ ಮೇಲೆ. ಮಂಗಳವೇಡೆಯ ಮಹಾಮಂಡಳೇಶ್ವರ, ಚಾಲುಕ್ಯ ಮೂರನೆಯ ತೈಲಪನ ಕೈಕೆಳಗಿನವನು, ಒಡೆಯನನ್ನೇ ಪಕ್ಕಕ್ಕೆ ಸರಿಸಿ ಕಲ್ಯಾಣ ಹಿಡಿದವನು.

ಮೇಷ್ಟ್ರು: ಈಗ ನೀನೇ ಬಾಯಿಬಿಟ್ಟೆ. ಕೈಕೆಳಗಿದ್ದು ಕುರ್ಚಿ ಕಿತ್ತುಕೊಂಡವನು. ದುಷ್ಟಬುದ್ಧಿ ತನಗೆ ಬೇಕಿದ್ದುದನ್ನು ಕೊನೆಗೂ ಪಡೆಯಲಿಲ್ಲ. ಬಿಜ್ಜಳ ಪಡೆದ. ಪಡೆದವನನ್ನು ನೀನು ನ್ಯಾಯವಾಗಿ ನೋಡಬೇಕು ಅಂತೀಯ, ಪಡೆಯದವನನ್ನು ಶಿಶುಘಾತಕ ಅಂತೀಯ.

ಹುಡುಗಿ: ನನ್ನ ಬಾಣ ನನಗೇ ತಿರುಗಿಸಿದ್ರಿ. ಸರಿ, ಹೀಗೆ ಇಟ್ಕೊಳ್ಳಿ. ದುಷ್ಟಬುದ್ಧಿಯ ಮನಸ್ಸು ಏನು ಅಂತ ಕವಿಯೇ ಹೇಳಿಬಿಟ್ಟಿದ್ದಾನೆ, ಅಲ್ಲಿ ಅನುಮಾನಕ್ಕೆ ಜಾಗವಿಲ್ಲ. ಬಿಜ್ಜಳನ ಮನಸ್ಸು ಯಾರಿಗೂ ಗೊತ್ತಿಲ್ಲ. ಅದಕ್ಕೇ ಗಿರೀಶ ಕಾರ್ನಾಡರು 1990ರ ‘ತಲೆದಂಡ’ದಲ್ಲಿ ಬೇರೆಯೇ ಬಿಜ್ಜಳನನ್ನು ಕಟ್ಟೋಕೆ ಆಯ್ತು. ಅಲ್ಲಿ ಅವನು ಬಸವಣ್ಣನ ಗೆಳೆಯನೂ ಹೌದು, ಸ್ವಂತ ಮಗನ ಕೈದಿಯೂ ಹೌದು.

ಮೇಷ್ಟ್ರು: ಅದು ನಾಟಕ.

ಹುಡುಗಿ: ದುಷ್ಟಬುದ್ಧಿ ರಾಜ್ಯರಕ್ಷಕ ಅನ್ನೋದು ಏನು?

ಅಷ್ಟು ಹೊತ್ತಿಗೆ ಪಕ್ಕದ ಹೊಲದವರೊಬ್ಬರು ಮೆಕ್ಕೆಜೋಳದ ರಾಶಿಗೆ ತಾಡಪಾಲು ಹೊದಿಸಿ ಬಂದು ಮಂಟಪದ ಕಟ್ಟೆಯ ಮೇಲೆ ಕೂತರು. ಅವರಿಗೆ ಬಿಜ್ಜಳ ಗೊತ್ತು, ಟಿ.ವಿ. ಧಾರಾವಾಹಿಯಲ್ಲಿ ನೋಡಿದ್ದಾರೆ.

ರೈತರು: ಮೇಷ್ಟ್ರೆ, ನಿಮ್ಮಿಬ್ಬರ ಮಾತು ಆಗಿನಿಂದ ಕೇಳ್ತಾ ಇದ್ದೀನಿ. ಅವನು ಒಳ್ಳೆಯವನೋ ಕೆಟ್ಟವನೋ, ಕಂದಾಯ ಎಷ್ಟು ಹಾಕ್ತಿದ್ದ?

ಹುಡುಗಿ: ಸಿದ್ಧಾಯ ಅಂತ ನಿಗದಿಯಾದ ತೆರಿಗೆ ಇತ್ತು ಮಾವ. ಪೇಟೆಗೆ ಬರೋ ಮಾಲಿಗೆ ಪೆರ್ಜುಂಕ, ವಡ್ಡರಾವುಳ ಅಂತ ಸುಂಕ. ಗುಡಿಗೆ ಬಿಟ್ಟ ಭೂಮಿಯನ್ನು ಯಾವ ಗಳೆಯಿಂದ ಅಳೆದರು ಅಂತ ಕೂಡ ಶಾಸನದಲ್ಲಿ ಬರೆದಿರ್ತಾರೆ.

ರೈತರು: ಗುಡಿಗೆ ಬಿಟ್ಟದ್ದು ಬರೆದಿದ್ದಾರೆ. ಉತ್ತವನ ಮನೆಗೆ ಎಷ್ಟು ಹೋಯ್ತು ಅಂತ?

ಹುಡುಗಿ: ಅದನ್ನು ಬರೆಯಲ್ಲ.

ರೈತರು: ಹ್ಞಾಂ. ಕಾಗೋಡಿನಲ್ಲಿ 1951ರಲ್ಲಿ ಗಲಾಟೆ ಎದ್ದದ್ದು ಯಾತಕ್ಕೆ? ಗೇಣಿ ಭತ್ತ ಅಳೆಯೋ ಕೊಳಗಕ್ಕೆ. ಕೊಡುವಾಗ ಒಂದು ಕೊಳಗ, ತಗೊಳ್ಳುವಾಗ ಒಂದು ಕೊಳಗ. ಒಡೆಯರು ಊರಿಗೆ ಗುಡಿ ಕಟ್ಟಿಸಿದ್ದರು, ಜಾತ್ರೆ ಮಾಡಿಸ್ತಿದ್ದರು, ಕೆಟ್ಟ ಮಾತಾಡಿದವರಲ್ಲ. ಆದರೂ ಜನ ಎದ್ದರು. ನಿಮ್ಮ ಬಿಜ್ಜಳನ ಕೊಳಗ ಎಂಥದು ಅನ್ನೋದು ಗೊತ್ತಾಗದೆ ಅವನನ್ನು ಜನ ಒಪ್ಪಿದ್ರೋ ಇಲ್ಲವೋ ಅಂತ ಹ್ಯಾಗೆ ಹೇಳ್ತೀರಿ?

ಮೇಷ್ಟ್ರು: ಇದಕ್ಕೆ ನನ್ನ ಪುರಾಣದಲ್ಲೂ ಉತ್ತರ ಇಲ್ಲ.

ರೈತರು: ನಮ್ಮ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಇದೆ. ದೀಪಾವಳಿಗೆ ಒಂದು ಕಾಯಿ ಒಡೀತೀವಿ. ಅದನ್ನು ಓದಿದ್ದೀಯೇನಮ್ಮ?

ಹುಡುಗಿ: ನೋಡಿದ್ದೀನಿ ಮಾವ. ಅಕ್ಷರ ಸವೆದುಹೋಗಿದೆ. ಆದರೆ ಈ ತಾಲ್ಲೂಕಿನ ವೀರಗಲ್ಲುಗಳ ರೀತಿ ಒಂದೇ. ಮೇಲುಗಡೆ ಆ ಕಾಲದ ಅರಸನ ಹೆಸರು, ಅವನ ಬಿರುದುಗಳು ಉದ್ದಕ್ಕೆ. ಅದಾದಮೇಲೆ ಇಂಥ ಊರಿನ ತುರುಗಳನ್ನು ಹಿಡಿದುಕೊಂಡು ಹೋದರು, ಇಂಥವನು ಬೆನ್ನಟ್ಟಿ ಹೋಗಿ ತುರು ಬಿಡಿಸಿ ಸತ್ತ ಅಂತ. ಕೆಲವು ಕಡೆ ಹೆಣ್ಣುಮಕ್ಕಳ ಸೆರೆ ಬಿಡಿಸೋಕೆ ಹೋಗಿ ಸತ್ತ ಅಂತ. ಚಿತ್ರದಲ್ಲಿ ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಕೈ ಹಿಡಿದು ಒಯ್ಯೋದು, ಮೇಲೆ ಶಿವನ ಸನ್ನಿಧಿ.

ರೈತರು: ಅರಸನ ಬಿರುದು ಅಷ್ಟು ಉದ್ದಕ್ಕೆ ಇದ್ದರೆ ದನ ಹೊಡಕೊಂಡು ಹೋಗೋರು ಊರಿನವರೆಗೆ ಹ್ಯಾಗೆ ಬಂದರು?

ಈ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ಮಧ್ಯಕಾಲದ ಅರಸರ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳಲ್ಲಿ ದಂಡಯಾತ್ರೆಗಳಿಗೆ ಅಧ್ಯಾಯಗಳಿವೆ, ತುರುಗೋಳಿಗೆ ಎರಡು ಸಾಲು. ಸೊರಬ, ಶಿಕಾರಿಪುರದ ಕೆರೆಯ ಏರಿ, ಹೊಲದ ಬದು, ಗುಡಿಯ ಅಂಗಳದಲ್ಲಿ ನಿಂತ ಕಲ್ಲುಗಳನ್ನು ನೋಡಿದರೆ ಲೆಕ್ಕ ತಿರುಗುಮುರುಗು.

ಮೇಷ್ಟ್ರು: ಬಿಜ್ಜಳನ ಪತನಕ್ಕೆ ಬಾ. ಅಪ್ಪ ಸತ್ತದ್ದು ಹ್ಯಾಗಾದರೂ ಇರಲಿ. ಮನೆತನ ಉಳೀತಾ?

ಹುಡುಗಿ: ಉಳೀಲಿಲ್ಲ. ಸೋವಿದೇವ, ಸಂಕಮ, ಆಹವಮಲ್ಲ, ಸಿಂಘಣ ಅಂತ ಮಕ್ಕಳು ಒಬ್ಬರ ಹಿಂದೆ ಒಬ್ಬರು ಕೂತರು. 1184ರ ಹೊತ್ತಿಗೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಕಲ್ಯಾಣವನ್ನು ವಾಪಸ್ ತಗೊಂಡ.

ಮೇಷ್ಟ್ರು: ಹಿಡಿದದ್ದು ಕಾಲು ಶತಮಾನವೂ ದಕ್ಕಲಿಲ್ಲ. ಶರಣರ ಕಣ್ಣೀರು.

ಹುಡುಗಿ: ಹಾಗಾದರೆ ಚಾಲುಕ್ಯ ಯಾಕೆ ಉಳೀಲಿಲ್ಲ? ಅವನು ಯಾರ ಕಣ್ಣೂ ಕಿತ್ತವನಲ್ಲ. ಕೆಲವೇ ವರ್ಷದಲ್ಲಿ ದಕ್ಷಿಣದಿಂದ ಹೊಯ್ಸಳ ಇಮ್ಮಡಿ ಬಲ್ಲಾಳ, ಉತ್ತರದಿಂದ ಸೇವುಣರು ಹಂಚಿಕೊಂಡರು. ಕೆಟ್ಟವನು ಬಿದ್ದ, ಅವನನ್ನು ಬೀಳಿಸಿದವನೂ ಬಿದ್ದ. ಬಿದ್ದದ್ದೆಲ್ಲ ಪಾಪಕ್ಕೆ ಬಿದ್ದ ಶಿಕ್ಷೆ ಅಂತ ಓದೋಕೆ ಹೋದರೆ ಚರಿತ್ರೆಯಲ್ಲಿ ಬೀಳದವರು ಯಾರೂ ಸಿಗಲ್ಲ.

ಮೇಷ್ಟ್ರು: ಆದರೆ ಬಿದ್ದವರಲ್ಲಿ ಎಲ್ಲರನ್ನೂ ಜನ ಬೈಯಲ್ಲ. ನಾಲ್ಕನೆಯ ಸೋಮೇಶ್ವರನನ್ನು ಯಾರು ಬೈದಿದ್ದಾರೆ? ಅವನ ಹೆಸರೇ ಯಾರಿಗೂ ಗೊತ್ತಿಲ್ಲ. ಎಂಟುನೂರು ವರ್ಷದಿಂದ ಬೈಸಿಕೊಳ್ತಿರೋದು ಬಿಜ್ಜಳ ಒಬ್ಬನೇ. ಅಷ್ಟು ಉದ್ದದ ಬೈಗಳು ಸುಮ್ಮನೆ ಹುಟ್ಟಲ್ಲ ಮಗಾ. ಹೆಸರು ತಪ್ಪಿರಬಹುದು, ಮದುವೆಯ ವಿವರ ಆಮೇಲೆ ಸೇರಿರಬಹುದು. ಯಾರಿಗೋ ತುಂಬ ನೋವಾಗಿತ್ತು ಅನ್ನೋದು ಮಾತ್ರ ಸುಳ್ಳಾಗಿರೋಕೆ ಸಾಧ್ಯವಿಲ್ಲ.

ಹುಡುಗಿ: ನೋವು ಸುಳ್ಳಲ್ಲ, ಒಪ್ತೀನಿ. ನೋವಾದವರು ಬೊಟ್ಟು ಮಾಡಿದವನೇ ಅಪರಾಧಿ ಅನ್ನೋದು ಬೇರೆ ಮಾತು. ಅಲ್ಲಿ ಬಿಜ್ಜಳ ಒಬ್ಬನೇ ಇದ್ದನಾ? ಆ ಮದುವೆ ಆಗಬಾರದು ಅಂತ ದೂರು ಒಯ್ದವರು ಯಾರು? ಅಗ್ರಹಾರದವರು, ದೊಡ್ಡ ಕುಳಗಳು, ಆಸ್ಥಾನದವರು. ಅವರ ಹೆಸರು ಯಾವ ಮಗುವಿಗೂ ಗೊತ್ತಿಲ್ಲ. ಎಲ್ಲರ ಪಾಪವೂ ಒಬ್ಬ ಅರಸನ ತಲೆಗೆ ಬಂತು. ಅರಸನನ್ನು ಬೈದು ಮುಗಿಸಿದರೆ ಊರಿಗೆ ಎಷ್ಟು ಹಗುರ ನೋಡಿ.

ಮೇಷ್ಟ್ರು: ಇದನ್ನು ಮಾತ್ರ ನಾನು ಯೋಚನೆ ಮಾಡಿರಲಿಲ್ಲ.

ಹುಡುಗಿ: ದುಷ್ಟಬುದ್ಧಿಗೂ ಹಾಗೇ ತಾನೆ? ಭವಿಷ್ಯ ಹೇಳಿ ಹೊಟ್ಟೆಗೆ ಕಿಚ್ಚು ಹಚ್ಚಿದವರು ಊಟ ಮುಗಿಸಿ ದಕ್ಷಿಣೆ ತಗೊಂಡು ಹೋದರು. ರಾಜ ನೆರಳು ನೋಡಿ ಕಾಡಿಗೆ ಹೋದ. ಅವರನ್ನು ಯಾರೂ ದುಷ್ಟರು ಅನ್ನಲ್ಲ.

ಮೇಷ್ಟ್ರು: ಆಹಾ, ಈಗ ನೀನು ನನ್ನ ಕಕ್ಷಿದಾರನ ಪರ ಬಂದೆ!

ಹುಡುಗಿ: ಪರ ಬರಲಿಲ್ಲ. ಮಗುವಿನ ಬೆರಳು ಕತ್ತರಿಸಿದ್ದು ಅವನ ಅಪ್ಪಣೆಯೇ. ಜೊತೆಗಿದ್ದವರ ಹೆಸರನ್ನೂ ಬರೆಯಿರಿ ಅಂದೆ ಅಷ್ಟೇ. ನೀವು ಬಿಜ್ಜಳನ ಅರ್ಥ ಹೇಳ್ತೀರೋ ಇಲ್ಲವೋ, ಅದನ್ನು ಹೇಳಿ.

ಮೇಷ್ಟ್ರು: ಹೇಳಬೇಕಾದರೆ ಎದುರಿಗೆ ಹರಳಯ್ಯನ ಅರ್ಥಕ್ಕೆ ಯಾರಾದರೂ ಕೂರಬೇಕು. ಬಸವಣ್ಣನವರ ಅರ್ಥ ಅಲ್ಲ, ಹರಳಯ್ಯನದು. ಅವನು ಕೇಳೋ ಪ್ರಶ್ನೆಗೆ ಉತ್ತರ ಹೊಳೆದರೆ ಬಿಜ್ಜಳನನ್ನು ಮಾಡ್ತೀನಿ. ಇವತ್ತಿನವರೆಗೂ ನನಗೆ ಹೊಳೆದಿಲ್ಲ.

ರೈತರು: ಹರಳಯ್ಯಂದು ನಾನು ಹೇಳಲಾ?

ಮೇಷ್ಟ್ರು: ನೀನು ಕೂತರೆ ನಾನು ಸೋತೆ. ಕೊಳಗದ ಲೆಕ್ಕ ಕೇಳಿಬಿಡ್ತೀಯ.

ಮಾತು ಅಲ್ಲಿಂದ ಮಳೆಗೆ, ಮೆಕ್ಕೆಜೋಳದ ರೇಟಿಗೆ ಹೊರಳಿತು. 1162ರ ಬಿಜ್ಜಳನ ಶಾಸನವನ್ನು ಪೂರ್ತಿ ಓದಬೇಕು ಅನ್ನುವವರಿಗೆ ಅದು ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ, ಶಿಕಾರಿಪುರ ತಾಲ್ಲೂಕಿನ ಶಾಸನಗಳ ನಡುವೆ ಇದೆ. ಸೊರಬ ತಾಲ್ಲೂಕಿನ ವೀರಗಲ್ಲುಗಳು 8ನೇ ಸಂಪುಟದಲ್ಲಿವೆ. ಮೊದಲನೆಯದನ್ನು ತೆಗೆದವರು ದಯವಿಟ್ಟು ಎರಡನೆಯದನ್ನೂ ತೆಗೆದು ನೋಡಬೇಕು.